ಸಿಸ್ಟರಮ್ಮನ ಕಣ್ಣಿಗೋಸ್ಕರ ಅರ್ಧ ಗಂಟೆ ಕರೆಂಟು

ಆ ಬೀದಿಯ ದರ್ಜಿಗೆ ಹೆತ್ತವರು ಇಟ್ಟ ಹೆಸರು ಅಂಗಡಿಯ ಲೈಸೆನ್ಸಿನ ಮೇಲೆ ಮಾತ್ರ ಉಳಿದಿತ್ತು, ಅದೂ ಮಸುಕಾಗಿ. ಬೀದಿಗೆಲ್ಲ ಅವನು ನೀಟಪ್ಪ. ಬಾಯಿ ಬಿಟ್ಟರೆ ‘ನೀಟಾಗಿ’ ಎನ್ನುತ್ತಿದ್ದ. ನೀಟಾಗಿ ನಿಂತ್ಕೊಳ್ಳಿ, ನೀಟಾಗಿ ಕೈ ಎತ್ತಿ, ನೀಟಾಗಿ ಉಸಿರು ಬಿಡಿ. ಅವನ ಅಂಗಡಿಯಲ್ಲಿ ಗುಂಡಿಗಳು ಬಣ್ಣದ ಪ್ರಕಾರ, ಬಣ್ಣದೊಳಗೆ ತೂತಿನ ಲೆಕ್ಕದ ಪ್ರಕಾರ ಡಬ್ಬಿಗಳಲ್ಲಿ ಕೂತಿರುತ್ತಿದ್ದವು. ನೆಲದ ಮೇಲೆ ಗೇಣುದ್ದ ದಾರ ಬಿದ್ದಿದ್ದರೂ ಅದನ್ನು ಯಾವುದಾದರೊಂದು ಉರುಳೆಗೆ ಸುತ್ತಿಡುವ ತನಕ ಅವನಿಗೆ ಊಟ ಸೇರುತ್ತಿರಲಿಲ್ಲ. ಒಂದು ಸಲ ಹೆಂಡತಿ ಸಿಟ್ಟಿನಲ್ಲಿ ಅವನತ್ತ ಎಸೆದ ಉಣ್ಣೆಯ ಉಂಡೆ ಬಿಚ್ಚಿಕೊಂಡು ಮೂಲೆ ಸೇರಿದಾಗ, ಅದನ್ನು ಸುತ್ತುತ್ತಲೇ ಜಗಳ ಮುಂದುವರಿಸಿದ್ದ. ಉಂಡೆ ಮುಗಿಯುವ ಹೊತ್ತಿಗೆ ಜಗಳ ಯಾತಕ್ಕೆಂದು ಇಬ್ಬರಿಗೂ ಮರೆತುಹೋಗಿತ್ತು. ನೀಟುತನದಿಂದ ಸಂಸಾರ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇಂಥ ಮನುಷ್ಯನಿಗೆ ಒಂದು ಕೆಲಸ ಮಾತ್ರ ನೀಟಾಗಿ ಬರುತ್ತಿರಲಿಲ್ಲ. ಉಪಕಾರ ನೆನೆಯುವುದು ಅವನಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳುವುದು ಗೊತ್ತಿರಲಿಲ್ಲ.

ಏಳು ವರ್ಷದ ಹಿಂದೆ ಹೊಲಿಗೆ ಮೆಷಿನ್ನಿನ ಸೂಜಿ ಅವನ ಬಲಗೈ ತೋರುಬೆರಳಿನ ಮೂಳೆಯ ತನಕ ಇಳಿದು ಮುರಿದುಕೊಂಡಿತ್ತು. ಪಕ್ಕದ ಮನೆಯ ಸಿಸ್ಟರಮ್ಮ ಆಗಿನ್ನೂ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸು. ಸೂಜಿ ತೆಗೆಸಿದ್ದು ಅವರೇ. ಅದು ದೊಡ್ಡದಲ್ಲ. ಆಮೇಲೆ ಮೂರು ವಾರ ದಿನಾ ಡ್ಯೂಟಿಗೆ ಹೋಗುವ ಮುಂಚೆ ಅಂಗಡಿಯ ಮೆಟ್ಟಿಲು ಹತ್ತಿ, ಅವನು ಅಯ್ಯೋ ಅಮ್ಮಾ ಎಂದು ಕಿರುಚುತ್ತಿದ್ದರೂ ಬಿಡದೆ ಬೆರಳನ್ನು ಮಡಿಸಿ ಬಿಡಿಸಿ ಅಭ್ಯಾಸ ಮಾಡಿಸಿದ್ದರು. ಆ ಬೆರಳು ಇಂದಿಗೂ ಮಡಿಯುತ್ತದೆ, ಕತ್ತರಿ ಹಿಡಿಯುತ್ತದೆ, ಇಬ್ಬರ ಹೊಟ್ಟೆ ತುಂಬಿಸುತ್ತದೆ. ವಂದನೆ ಹೇಳಬೇಕೆಂದು ನೀಟಪ್ಪ ಒಂದು ವಾಕ್ಯವನ್ನು ನಾಲ್ಕು ದಿನ ಕನ್ನಡಿಯ ಮುಂದೆ ಹೊಂದಿಸಿಕೊಂಡು ಹೋಗಿ, ಅವರ ಎದುರು ನಿಂತು ಬಾಯಿ ತೆರೆದ. ಸಿಸ್ಟರಮ್ಮ ಅದರೊಳಗೆ ಥರ್ಮಾಮೀಟರ್ ಇಟ್ಟರು. ಎರಡು ನಿಮಿಷ ಕಳೆದು ತೆಗೆದು ನೋಡಿ, “ಜ್ವರ ಇಲ್ಲ, ಹೋಗು” ಎಂದರು. ಅವನು ಹೋದ. ವಾಕ್ಯ ಒಳಗೇ ಉಳಿಯಿತು.

ಈಗ ಸಿಸ್ಟರಮ್ಮನಿಗೆ ನಿವೃತ್ತಿಯಾಗಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಒಂದು ಕಣ್ಣಲ್ಲಿ ಹೊಗೆ, ಇನ್ನೊಂದರಲ್ಲಿ ಹೊಗೆಗಿಂತ ಕಡೆ. ಬೀದಿಯ ಜನರನ್ನು ದನಿಯಿಂದ, ದನಿ ತಿಳಿಯದಿದ್ದರೆ ತೋಳು ಹಿಡಿದು ನೋಡಿ ಗುರುತಿಸುತ್ತಿದ್ದರು. ಅವರು ಸೂಜಿ ಚುಚ್ಚದ ತೋಳು ಆ ಬೀದಿಯಲ್ಲಿ ಇರಲಿಲ್ಲ. ಆಪರೇಷನ್ನಿಗೆ ಹೊರಟ ಸೋಮವಾರ, ಟ್ಯಾಕ್ಸಿ ಹತ್ತುವಾಗ, ಮನೆಯ ಮುಂದಿನ ಗಿಡದ ಬೇಲಿಯ ಕೊಂಬೆಯೊಂದು ಅವರ ಕೆನ್ನೆ ಸವರಿತು.

“ಎಷ್ಟು ಬೆಳೆದಿದೆಯಪ್ಪಾ ಇದು! ಕಣ್ಣು ಬಂದ್ರೆ ಮೊದಲು ಈ ಬೇಲಿ ನೋಡ್ಬೇಕು” ಎಂದರು.

“ನೀವು ಬರೋದ್ರೊಳಗೆ ನೀಟಾಗಿ ಮಾಡಿಡ್ತೀನಿ ಬಿಡಿ!” ಎಂದ ನೀಟಪ್ಪ, ಏಳು ವರ್ಷದಿಂದ ಕಾದು ಕುಳಿತವನ ಅವಸರದಲ್ಲಿ.

ಅವರ ಜೊತೆಗೆ ಆಸ್ಪತ್ರೆಗೆ ಹೊರಟಿದ್ದ ಅವನ ಹೆಂಡತಿ ಟ್ಯಾಕ್ಸಿಯ ಕಿಟಕಿಯಿಂದ ಅವನನ್ನು ಒಂದು ಥರ ನೋಡಿದಳು. ಅವನು ಜೀವಮಾನದಲ್ಲಿ ಒಂದು ಗಿಡದ ಎಲೆಯನ್ನೂ ಕಿತ್ತವನಲ್ಲ ಎಂದು ಅವಳಿಗೆ ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆ ನೀಟಪ್ಪನ ಬಾಮೈದ ಬೇಲಿ ಕತ್ತರಿಸುವ ಕರೆಂಟಿನ ಮೆಷಿನ್ನು ತಂದುಕೊಟ್ಟ. ಬಾಮೈದನಿಗೆ ಬೇಲಿ ಇರಲಿಲ್ಲ, ತೋಟ ಇರಲಿಲ್ಲ, ಒಂದು ಕುಂಡವೂ ಇರಲಿಲ್ಲ. ಮೆಷಿನ್ನು ಮಾತ್ರ ಇತ್ತು. ಕಾರ್ಖಾನೆಯ ಲಾಟರಿಯಲ್ಲಿ ಬಂದದ್ದು.

“ಹುಷಾರು ಭಾವ. ಕುದುರೆ ಇದ್ದಂಗೆ ಓಡುತ್ತೆ. ಬಿಗಿಯಾಗಿ ಹಿಡ್ಕೋ” ಎಂದು ಹೇಳಿ, ಕುದುರೆಯನ್ನು ಬಿಟ್ಟು ಹೋದ.

ಇಲ್ಲಿಂದ ಮುಂದಕ್ಕೆ ನೀಟಪ್ಪ ಮಾಡಿದ್ದೆಲ್ಲ ಪ್ರೀತಿಯಿಂದಲೇ ಮಾಡಿದ್ದು ಎಂಬುದನ್ನು ಓದುಗರು ಮರೆಯಬಾರದು. ಮೊದಲು, ಇಷ್ಟು ದಿನ ಮೂಲೆಯಲ್ಲಿದ್ದ ಮೆಷಿನ್ನು ಒಣಗಿರುತ್ತದೆಂದು ಹೊಲಿಗೆ ಮೆಷಿನ್ನಿನ ಎಣ್ಣೆಯನ್ನು ಕಂಡ ಕಂಡ ತೂತಿಗೆಲ್ಲ ಬಿಟ್ಟ. ಹೊಲಿಗೆ ಮೆಷಿನ್ನಿಗೆ ಎರಡು ಹನಿ ಸಾಕು. ಇದು ದೊಡ್ಡದು, ಆದ್ದರಿಂದ ಅರ್ಧ ಡಬ್ಬಿ. ಆಮೇಲೆ, ಎಲೆಯ ಪುಡಿ ಒಳಗೆ ಹೋಗದಿರಲೆಂದು ಅದಕ್ಕೆ ದಪ್ಪ ಕ್ಯಾನ್ವಾಸಿನ ಅಂಗಿ ಹೊಲಿದ. ಸಾಮಾನ್ಯ ಅಂಗಿಯಲ್ಲ, ಮೈಗೆ ಅಂಟಿ ಕೂರುವಂಥದ್ದು, ಪಕ್ಕದಲ್ಲಿ ಐದು ಗುಂಡಿ, ಒಳಗೆ ಅಸ್ತರಿನ ಬಟ್ಟೆ. ಕೊನೆಗೆ, ಮೆಷಿನ್ನಿನ ವೈರು ಮೊಳದುದ್ದವೇ ಇದ್ದುದರಿಂದ, ಅಟ್ಟದ ಮೇಲೆ ಬಿದ್ದಿದ್ದ ಬಣ್ಣದ ದೀಪಗಳ ಹಳೆಯ ಸಣ್ಣ ವೈರು, ನಲವತ್ತು ಮೀಟರು, ಇಳಿಸಿಕೊಂಡು ಜೋಡಿಸಿದ. ಬೇಲಿಗೆ ಬೇಕಾಗಿದ್ದು ಎಂಟೇ ಮೀಟರು. ಉಳಿದ ಮೂವತ್ತೆರಡು ಮೀಟರು ಅಂಗಳದಲ್ಲಿ ಹಾವಿನ ಸಂಸಾರದಂತೆ ಬಿದ್ದುಕೊಂಡರೆ ನೀಟಪ್ಪನ ಕಣ್ಣು ಸಹಿಸೀತೆ? ಕೋಟಿನ ಬಟ್ಟೆಯ ಥಾನು ಸುತ್ತಿ ಬರುವ ಹಲಗೆಗೆ ಅದನ್ನು ಸಾಲಿನ ಪಕ್ಕ ಸಾಲು, ಪದರದ ಮೇಲೆ ಪದರ, ಬಾಬಿನ್ನಿಗೆ ದಾರ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿದ. ಸುತ್ತಿ ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಎಷ್ಟು ಚೆನ್ನಾಗಿತ್ತೆಂದರೆ ಅವನಿಗೆ ಒಂದು ಕ್ಷಣ ಬೇಲಿಯೇ ಮರೆತುಹೋಯಿತು.

ಮೆಷಿನ್ನು ಶುರುವಾಯಿತು. ಗೇಟಿನಿಂದ ಒಂದು ಮಾರು ದೂರ ಕುದುರೆಯಂತೆಯೇ ಓಡಿತು. ಎರಡನೆಯ ಮಾರಿಗೆ ಕುದುರೆ ಕತ್ತೆಯಾಯಿತು. ಮೂರನೆಯ ಮಾರಿನಲ್ಲಿ ‘ಗೊರ್ರ್... ಗೊರ್...’ ಎಂದು ಗೊರಕೆ ಹೊಡೆಯತೊಡಗಿತು. ಹಲ್ಲುಗಳು ಕೊಂಬೆಯನ್ನು ಕತ್ತರಿಸುವ ಬದಲು ಜಗಿಯತೊಡಗಿದವು. ಏನೋ ಸುಟ್ಟ ವಾಸನೆ ಬಂತು. ನೀಟಪ್ಪ ಗಾಬರಿಯಾಗಿ ನಿಲ್ಲಿಸಿ, ಸ್ವಲ್ಪ ಎಣ್ಣೆ ಬಿಟ್ಟು, ಅಂಗಿಯ ಗುಂಡಿ ಸರಿಮಾಡಿ, ಮತ್ತೆ ಹಚ್ಚಿದ. ಈ ಸಲ ಗೊರಕೆ ಮೊದಲ ಮಾರಿಗೇ ಬಂತು.

ಸಂಜೆಯ ಹೊತ್ತಿಗೆ ಬೇಲಿಯ ಅರ್ಧ ಭಾಗ ಆಡು ಮೇಯ್ದು ಅರ್ಧಕ್ಕೇ ಬೇಸರವಾಗಿ ಎದ್ದುಹೋದ ಹಾಗಿತ್ತು. ಇನ್ನರ್ಧ ಕಾಡು.

ಅದೇ ಹೊತ್ತಿಗೆ ಹೆಂಡತಿಯ ಫೋನು ಬಂತು. “ಆಪರೇಷನ್ ಆಯ್ತು ಕಣ್ರೀ. ಒಂದು ಕಣ್ಣಿಗೆ ಮಾಡಿದ್ದಾರೆ, ಪಟ್ಟಿ ಕಟ್ಟಿದ್ದಾರೆ. ಗುರುವಾರ ಮನೆಗೆ ಕಳಿಸ್ತಾರೆ, ಶುಕ್ರವಾರ ಬೆಳಿಗ್ಗೆ ಮನೇಲೇ ಬಿಚ್ಚಬಹುದಂತೆ. ಆದ್ರೆ ಡಾಕ್ಟ್ರು ಗ್ಯಾರಂಟಿ ಕೊಟ್ಟಿಲ್ಲ. ತುಂಬಾ ತಡ ಮಾಡಿ ಬಂದಿದ್ದೀರಿ, ಎಷ್ಟು ಕಾಣುತ್ತೋ ಏನೋ ಅಂತಾರೆ. ಸಿಸ್ಟರಮ್ಮ ಏನೂ ಮಾತಾಡ್ತಿಲ್ಲ. ಬೇಲಿ ಏನಾಯ್ತು ಅಂತ ಒಂದು ಸಲ ಕೇಳಿದ್ರು. ಏನಾಯ್ತು?”

“ನೀಟಾಗಿ... ನಡೀತಿದೆ” ಎಂದ ನೀಟಪ್ಪ. ಫೋನು ಇಟ್ಟವನು ಕುರ್ಚಿಯಲ್ಲಿ ಕುಸಿದ. ಕಣ್ಣು ಬರುತ್ತದೋ ಇಲ್ಲವೋ ಅವನ ಕೈಯಲ್ಲಿರಲಿಲ್ಲ. ಬಂದರೆ ಆ ಕಣ್ಣು ಮೊದಲು ಕಾಣುವುದು ಮಾತ್ರ ಅವನ ಕೈಯಲ್ಲಿತ್ತು. ಆ ಕೈ ಅವರು ಉಳಿಸಿಕೊಟ್ಟದ್ದು.

ಬುಧವಾರ ಬೆಳಿಗ್ಗೆ ಎದುರು ಸಲೂನಿನವನು ಬಂದು ಬೇಲಿಯನ್ನು ತಲೆ ವಾರೆ ಮಾಡಿ ನೋಡಿದ. “ಇದು ಬ್ಲೇಡಿನ ತೊಂದರೆ. ಮೊಂಡು ಬ್ಲೇಡು ಹಾಕಿದ್ರೆ ನನ್ನ ಗಿರಾಕಿಗಳೂ ಹಿಂಗೇ ಕಾಣ್ತಾರೆ” ಎಂದು ಹಲ್ಲುಗಳನ್ನೆಲ್ಲ ಮಸೆದುಕೊಟ್ಟ. ಹಲ್ಲು ಹೊಳೆಯಿತು. ಗೊರಕೆ ನಿಲ್ಲಲಿಲ್ಲ.

ಮಧ್ಯಾಹ್ನ ಮೇಷ್ಟ್ರು ಬಂದರು. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವರು. ಅಷ್ಟೂ ವರ್ಷ ಗಂಟೆ ಹೊಡೆದ ಮೇಲೆ ಯಾರೂ ಅವರನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ನೀಟಪ್ಪ ಕೇಳಿದ. ಮೇಷ್ಟ್ರ ಮುಖ ಅರಳಿತು.

“ವೇಗ ಯಾಕೆ ಬರ್ತಿಲ್ಲ? ಒತ್ತಡ ಇಲ್ಲ. ವೋಲ್ಟೇಜು ಅಂದ್ರೆ ನಲ್ಲಿ ನೀರಿನ ಒತ್ತಡ ಇದ್ದಂಗೆ. ನೀನು ಬೀದಿಯ ಕೊನೇಲಿದ್ದೀಯ. ಮೇಲಿಂದ ಬರುವಾಗ ಎಲ್ಲರೂ ಕುಡೀತಾರೆ. ಒಬ್ಬನ ಹೀಟರ್, ಒಬ್ಬಳ ವಾಷಿಂಗ್ ಮೆಷಿನ್ನು, ಬೇಕರಿಯವನ ಒಲೆಯಂತೂ ಆನೆ. ನಿನಗೆ ಉಳಿಯೋದು ಹನಿ.”

“ಅಂದ್ರೆ ನನ್ನ ಕರೆಂಟನ್ನ ಬೀದಿಯವರು ಕುಡೀತಿದ್ದಾರಾ ಮೇಷ್ಟ್ರೇ?”

“ನಿನ್ನದು ಅಂತ ಬರೆದಿಲ್ಲಪ್ಪ ಅದರ ಮೇಲೆ. ತಾತ್ವಿಕವಾಗಿ ಹೇಳೋದಾದ್ರೆ, ಅವರು ಅರ್ಧ ಗಂಟೆ ಕುಡಿಯೋದು ನಿಲ್ಲಿಸಿದ್ರೆ ನಿನ್ನ ಮೆಷಿನ್ನು ಹಾರಬೇಕು.”

ತಾತ್ವಿಕವಾಗಿ ಹೇಳಿದ್ದನ್ನು ಕಾರ್ಯಕ್ಕೆ ಇಳಿಸುವವರು ಲೋಕದಲ್ಲಿ ಕಡಿಮೆ. ನೀಟಪ್ಪ ಅವರಲ್ಲೊಬ್ಬ. ಸಂಜೆಯೇ ಮನೆಮನೆಗೆ ಹೊರಟ.

ಹೇಳಬೇಕಾಗಿದ್ದ ಮಾತನ್ನು ದಾರಿಯಲ್ಲಿ ಹೊಂದಿಸಿಕೊಂಡಿದ್ದ: ಸಿಸ್ಟರಮ್ಮ ಕಣ್ಣು ಬಿಟ್ಟಾಗ ನೋಡಲು ಬೇಲಿ ನೀಟಾಗಿರಬೇಕು, ಅದಕ್ಕೆ ಕತ್ತರಿಸುವ ಮೆಷಿನ್ನು ಓಡಬೇಕು, ಆದ್ದರಿಂದ ನಾಳೆ ನಾಲ್ಕರಿಂದ ನಾಲ್ಕೂವರೆ ತನಕ ದಯವಿಟ್ಟು ಕರೆಂಟು ಬಳಸಬೇಡಿ. ಆದರೆ ಬೇಕರಿಯ ಕಟ್ಟೆಯ ಮುಂದೆ ನಿಂತಾಗ, ಆನೆಯಂಥ ಒಲೆಯ ಬಿಸಿ ಮುಖಕ್ಕೆ ಹೊಡೆದು, ಮಾತಿನ ನಡುಭಾಗವೆಲ್ಲ ಗಂಟಲಲ್ಲೇ ಬೆಂದುಹೋಯಿತು.

“ಸಿಸ್ಟರಮ್ಮನ ಕಣ್ಣಿಗೋಸ್ಕರ... ನಾಳೆ ನಾಲ್ಕಕ್ಕೆ... ಅರ್ಧ ಗಂಟೆ ಕರೆಂಟು ಬಿಟ್ಕೊಡ್ತೀರಾ?”

ಬೇಕರಿಯವನ ಕೈಯಲ್ಲಿದ್ದ ಹಿಟ್ಟು ಅಲ್ಲೇ ನಿಂತಿತು. “ಕಣ್ಣಿಗೆ? ಆಪರೇಷನ್ ಆಗೋಯ್ತು ಅಂದ್ರಲ್ಲಯ್ಯಾ!”

“ಎಲ್ಲಿ ಆಯ್ತು? ಮೆಷಿನ್ನು ಸ್ಪೀಡೇ ಬರ್ತಿಲ್ಲ. ಅರ್ಧಕ್ಕೇ ನಿಂತಿದೆ.”

“ಅರ್ಧಕ್ಕೆ!”

“ಹೂಂ. ಒಂದು ಕಡೆ ಆಗಿದೆ, ಇನ್ನೊಂದು ಕಡೆ ಹಾಗೇ ಇದೆ. ಆಗಿರೋ ಕಡೆಯೂ ಕಚ್ಚಿ ಕಚ್ಚಿ ಹಾಕಿದೆ. ನೋಡೋಕಾಗಲ್ಲ” ಎಂದ ನೀಟಪ್ಪ. ಅವನ ಕಣ್ಣಲ್ಲಿ ನೀರು ನಿಂತಿತ್ತು.

ಬೇಕರಿಯವನು ಹಿಟ್ಟನ್ನು ಕೆಳಗಿಟ್ಟ. ಅವನಿಗೆ ಸಣ್ಣವನಿದ್ದಾಗ ನ್ಯುಮೋನಿಯಾ ಬಂದಿತ್ತು. ಆಗ ಹನ್ನೊಂದು ದಿನ ಮಂಚದ ಪಕ್ಕ ಕೂತಿದ್ದವರು ಸಿಸ್ಟರಮ್ಮ. “ಅರ್ಧ ಗಂಟೆ ಯಾಕಯ್ಯಾ, ಇಡೀ ದಿನ ತಗೋ!” ಎಂದ. ನೀಟಪ್ಪ ಆ ಔದಾರ್ಯಕ್ಕೆ ಕೈಮುಗಿದು ಮುಂದಿನ ಮನೆಗೆ ಹೋದ. ಅಲ್ಲಿ ಮಾತು ಇನ್ನೂ ಚಿಕ್ಕದಾಯಿತು. ಹತ್ತನೆಯ ಮನೆಯಲ್ಲಿ “ಸಿಸ್ಟರಮ್ಮ... ಕಣ್ಣು... ನಾಲ್ಕಕ್ಕೆ” ಎನ್ನುವಷ್ಟರಲ್ಲಿ ಮನೆಯಾಕೆ, “ಗೊತ್ತಾಯ್ತು, ಗೊತ್ತಾಯ್ತು, ಬೇಕರಿಯವನು ಹೇಳ್ದ” ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಇಲ್ಲಿರುವ ಕರೆಂಟು ಅಲ್ಲಿರುವ ಆಸ್ಪತ್ರೆಗೆ ಹೇಗೆ ಹೋಗುತ್ತದೆ ಎಂದು ಯಾರೋ ಒಬ್ಬ ಅನುಮಾನದ ಮನುಷ್ಯ ಕೇಳಿದನಂತೆ. ಅವನನ್ನು ಮೇಷ್ಟ್ರ ಹತ್ತಿರ ಕರೆದೊಯ್ದರು. ಒಂದೂರಲ್ಲಿ ಉಳಿಸಿದ ಕರೆಂಟು ಇನ್ನೊಂದೂರಿಗೆ ಹೋಗುತ್ತದೆಯೇ ಎಂದಷ್ಟೇ ಕೇಳಿದರು. “ತಾತ್ವಿಕವಾಗಿ ಹೋಗುತ್ತೆ. ಎಲ್ಲ ಒಂದೇ ಜಾಲ” ಎಂದರು ಮೇಷ್ಟ್ರು, ಒಂದೇ ದಿನ ಎರಡನೆಯ ಪ್ರಶ್ನೆ ಬಂದ ಸಂಭ್ರಮದಲ್ಲಿ.

ಗುರುವಾರ ನಾಲ್ಕು ಗಂಟೆಗೆ ಆ ಬೀದಿಯಲ್ಲಿ ಮೂವತ್ತು ಮೇನ್ ಸ್ವಿಚ್ಚುಗಳು ಒಟ್ಟಿಗೆ ಕೆಳಗಿಳಿದವು. ದೀಪ ಆರಿಸಿ ಎಂದರೆ ಸಾಕಿತ್ತು. ಜನ ಬುಡವನ್ನೇ ಆರಿಸಿದರು. ಬೇಕರಿಯಲ್ಲಿ ಅರವತ್ತು ಬ್ರೆಡ್ಡು ಅರ್ಧ ಉಬ್ಬಿ ನಿಂತವು. ಒಬ್ಬರ ವಾಷಿಂಗ್ ಮೆಷಿನ್ನು ಹೊಟ್ಟೆ ತುಂಬ ನೊರೆ ಇಟ್ಟುಕೊಂಡು ಮೌನವಾಯಿತು. ಸಲೂನಿನಲ್ಲಿ ಕರೆಂಟಿನ ಕತ್ತರಿಯ ಕೆಳಗೆ ಅರ್ಧ ತಲೆ ಕೊಟ್ಟು ಕುಳಿತಿದ್ದ ಗಿರಾಕಿ, “ಇನ್ನರ್ಧ?” ಎಂದು ಕೇಳಿದ್ದಕ್ಕೆ ಸಲೂನಿನವನು, “ಒಬ್ಬರ ಕಣ್ಣಿನ ಪ್ರಶ್ನೆ ಸ್ವಾಮಿ, ನಿಮ್ಮದು ಬರೀ ಕೂದಲು” ಎಂದ. ಗಿರಾಕಿ ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆಯ ಸಮೇತ ಎದ್ದು ಹೊರಗೆ ಬಂದ. ಫ್ಯಾನು ನಿಂತ ಮನೆಗಳಿಂದ ಎಲ್ಲರೂ ಹೊರಗೆ ಬಂದರು. ಎಲ್ಲರ ಕಾಲೂ ಸಹಜವಾಗಿ ಸಿಸ್ಟರಮ್ಮನ ಮನೆಯತ್ತಲೇ ನಡೆದವು.

ಅಲ್ಲಿ ನೀಟಪ್ಪ ಕೊರಳಿಗೆ ಅಳತೆ ಟೇಪು ಹಾಕಿಕೊಂಡು, ಅಂಗಿ ತೊಟ್ಟ ಮೆಷಿನ್ನು ಹಿಡಿದು ನಿಂತಿದ್ದ.

“ಇವನ್ಯಾಕೆ ಈಗ ಬೇಲಿ ಕತ್ತರಿಸ್ತಿದ್ದಾನೆ?” ಎಂದು ಒಬ್ಬಾಕೆ ಪಿಸುಗುಟ್ಟಿದಳು.

“ಪಾಪ, ಸಂಕಟ ತಡೆಯೋಕಾಗದೆ. ಏನಾದ್ರೂ ಮಾಡ್ತಿರಬೇಕಲ್ಲ” ಎಂದಳು ಇನ್ನೊಬ್ಬಳು.

ಇಡೀ ಬೀದಿ ತನ್ನ ಕೆಲಸ ನೋಡಲು ಬಂದಿದೆಯೆಂದು ನೀಟಪ್ಪನ ಎದೆ ತುಂಬಿ ಬಂತು. ಗುಂಡಿ ಒತ್ತಿದ.

ಗೊರ್ರ್... ಗೊರ್...

ಅವನು ಬೇಕರಿಯವನತ್ತ ತಿರುಗಿ, “ಮೆಷಿನ್ನು ಇನ್ನೂ ನಿಧಾನ!” ಎಂದು ಕೂಗಿದ.

ಬೇಕರಿಯವನು ಎರಡೂ ಕೈ ಎತ್ತಿ ಬೀದಿಗೆಲ್ಲ ಸಾರಿದ: “ಆಸ್ಪತ್ರೆ ಮೆಷಿನ್ನು ಇನ್ನೂ ನಿಧಾನವಂತೆ! ಯಾರ ಮನೇಲೋ ಏನೋ ಓಡ್ತಿದೆ! ಒಪ್ಕೊಂಡ್ಬಿಡಿ!”

ಹುಡುಕಾಟ ನಡೆಯಿತು. ಮೇಷ್ಟ್ರ ಮನೆಯ ಮೀನಿನ ತೊಟ್ಟಿಯಲ್ಲಿ ಗುಳ್ಳೆ ಬಿಡುವ ಪುಟ್ಟ ಮೆಷಿನ್ನು ಓಡುತ್ತಿರುವುದು ಕಿಟಕಿಯಿಂದ ಕಂಡಿತು. “ನಾನು ಸಲಹೆಗಾರ, ನನಗೆ ಅನ್ವಯಿಸಲ್ಲ ಅಂದ್ಕೊಂಡಿದ್ದೆ” ಎಂದರು ಮೇಷ್ಟ್ರು. “ಸಿಸ್ಟರಮ್ಮನ ಕಣ್ಣಿಗಿಂತ ನಿಮ್ಮ ಮೀನು ಹೆಚ್ಚಾಯ್ತಾ?” ಎಂದು ಹತ್ತು ದನಿ ಒಟ್ಟಿಗೆ ಕೇಳಿದವು. ಮೇಷ್ಟ್ರು ಒಳಗೆ ಹೋಗಿ, ಮೀನುಗಳಿಗೆ ಏನೋ ಸಮಾಧಾನ ಹೇಳಿ, ಅದನ್ನೂ ಆರಿಸಿ ಬಂದರು.

ನೀಟಪ್ಪ ಮತ್ತೆ ಒತ್ತಿದ. ಗೊರ್.

ಅಷ್ಟರಲ್ಲಿ ಬೀದಿಯ ಆ ತುದಿಯಲ್ಲಿ ಲೈನ್‌ಮನ್ ಏಣಿ ಹೊತ್ತು ಬಂದ. ಅವನ ಆಫೀಸಿನಲ್ಲಿ ಮೀಟರಿನ ಮುಳ್ಳು ಒಮ್ಮೆಲೇ ಬಿದ್ದುಹೋಗಿ, ಮೂವತ್ತೆರಡು ಮನೆಯ ಬೀದಿಯೊಂದು ಇದ್ದಕ್ಕಿದ್ದಂತೆ ಜೀವ ಬಿಟ್ಟಿದೆಯೆಂದು ತೋರಿಸಿತ್ತು. ಎಲ್ಲೋ ತಂತಿ ಕಡಿದು ಬಿದ್ದಿರಬೇಕು, ಜನ ರಸ್ತೆಗೆ ಬಂದು ನಿಂತಿದ್ದಾರೆ, ಯಾರಾದರೂ ತುಳಿದರೆ ಗತಿಯೇನು ಎಂದು ಅವನು ಯಾರನ್ನೂ ಕೇಳದೆ ಕಂಬ ಹತ್ತಿ, ನಿಯಮದ ಪ್ರಕಾರ, ಇಡೀ ಬೀದಿಯ ಫ್ಯೂಸನ್ನು ಕಿತ್ತು ಜೇಬಿಗಿಟ್ಟುಕೊಂಡ.

ನೀಟಪ್ಪ ಮೂರನೆಯ ಸಲ ಒತ್ತಿದ. ಈಗ ಗೊರ್ ಕೂಡ ಇಲ್ಲ.

“ಯಾರು ಕಂಪ್ಲೇಂಟು ಕೊಟ್ಟಿದ್ದು? ಏನು ದೋಷ?” ಎಂದು ಲೈನ್‌ಮನ್ ಪುಸ್ತಕ ತೆಗೆದ.

“ದೋಷ ನಿಂದೇ! ಅಲ್ಲಿ ಕಣ್ಣಿನ ಆಪರೇಷನ್ ಅರ್ಧದಲ್ಲಿ ನಿಂತಿದೆ! ಒಂದು ಕಣ್ಣು ಕಚ್ಚಿ ಹಾಕಿದ್ದಾರಂತೆ!” ಎಂದು ಬೇಕರಿಯವನು ಅವನ ಏಣಿ ಹಿಡಿದು ಅಲ್ಲಾಡಿಸಿದ.

ಆ ಗಳಿಗೆಯಲ್ಲಿ ಟ್ಯಾಕ್ಸಿಯೊಂದು ಬಂದು ಜನರ ಹಿಂದೆ ನಿಂತಿತು. ಬಾಗಿಲು ತೆರೆಯಿತು. ಒಂದು ಕಣ್ಣಿಗೆ ಬಿಳಿ ಪಟ್ಟಿ, ಅದರ ಮೇಲೆ ಕಪ್ಪು ಕನ್ನಡಕ, ನೀಟಪ್ಪನ ಹೆಂಡತಿಯ ತೋಳು ಹಿಡಿದು ಸಿಸ್ಟರಮ್ಮ ಇಳಿದರು. ಸುತ್ತ ಇಷ್ಟು ಜನರ ಉಸಿರು, ಒಂದೂ ಮಾತಿಲ್ಲ, ಯಾವ ಮನೆಯಿಂದಲೂ ರೇಡಿಯೋ ಇಲ್ಲ. ಅವರು ಮೆಲ್ಲಗೆ ಕೇಳಿದರು:

“ಯಾರು ಹೋದ್ರು?”

ಅರ್ಧ ತಲೆಯ ಗಿರಾಕಿ ಮಾತ್ರ, ಹೊರಗಿನವನಾದ್ದರಿಂದ, “ಇವರ ಆಪರೇಷನ್ನೇ ಅಲ್ವಾ ಅರ್ಧದಲ್ಲಿ ನಿಂತಿದ್ದು?” ಎಂದ.

“ನಂದು ಮಂಗಳವಾರವೇ ಮುಗೀತಲ್ಲ” ಎಂದರು ಸಿಸ್ಟರಮ್ಮ.

ನಿಧಾನವಾಗಿ, ಹಿಟ್ಟಿನ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡು, ಬೇಕರಿಯವನು ನೀಟಪ್ಪನತ್ತ ತಿರುಗಿದ. ಅವನ ಜೊತೆಗೆ ಬೀದಿಯೆಲ್ಲ ತಿರುಗಿತು. ನೀಟಪ್ಪ ಮೆಷಿನ್ನನ್ನು ಎದೆಗವಚಿಕೊಂಡು ಬೇಲಿಗೆ ಒತ್ತಿ ನಿಂತ.

“ಯಾವ ಮೆಷಿನ್ನು ನಿಧಾನ ಆಗಿದ್ದು?”

“ಇದು.”

“ಯಾವುದು ಅರ್ಧಕ್ಕೆ ನಿಂತಿದ್ದು?”

“ಬೇಲಿ.”

“ಬೇಲಿ! ಈ ಬೇಲಿಗೋಸ್ಕರ ನನ್ನ ಅರವತ್ತು ಬ್ರೆಡ್ಡು!”

“ನನ್ನ ನೊರೆ!”

“ನನ್ನ ಮೀನು!” ಎಂದರು ಮೇಷ್ಟ್ರು.

ಗಿರಾಕಿ ಸುಮ್ಮನೆ ತನ್ನ ತಲೆ ತೋರಿಸಿದ.

“ಮೂರು ದಿನ ಮನೇಲಿಲ್ಲ ಅಂದ್ರೆ ಇಡೀ ಬೀದೀನೇ ಆರಿಸಿಬಿಟ್ರಲ್ರೀ!” ಎಂದು ಹೆಂಡತಿ ಹಣೆ ಚಚ್ಚಿಕೊಂಡಳು.

ನೀಟಪ್ಪ ಮೆಷಿನ್ನನ್ನು ಕೆಳಗಿಟ್ಟ. “ಬೇಲಿಗಲ್ಲ... ಕಣ್ಣು ಬಂದ್ರೆ ಮೊದಲು ಇದನ್ನೇ ನೋಡ್ತೀನಿ ಅಂದಿದ್ರು. ನಾಳೆ ಬೆಳಿಗ್ಗೆ ಪಟ್ಟಿ ಬಿಚ್ತಾರೆ. ಡಾಕ್ಟ್ರು ಗ್ಯಾರಂಟಿ ಕೊಟ್ಟಿಲ್ಲ” ಎಂದ. ಇಷ್ಟುದ್ದ ಮಾತನ್ನು ಅವನು ಒಂದೇ ಉಸಿರಿನಲ್ಲಿ ಆಡಿದ್ದು ಅದೇ ಮೊದಲು.

ಬೀದಿ ತಣ್ಣಗಾಯಿತು. ಸಿಸ್ಟರಮ್ಮ ದನಿ ಬಂದತ್ತ ಮುಖ ತಿರುಗಿಸಿದರು.

“ನನಗೋಸ್ಕರ ಅಂತ ಎಲ್ಲರೂ ಆರಿಸಿದ್ರಾ?” ಎಂದು ಕೇಳಿದರು.

“ಮತ್ತಿನ್ಯಾರಿಗೆ?” ಎಂದ ಬೇಕರಿಯವನು, ನೆಲ ನೋಡುತ್ತಾ.

ಸಿಸ್ಟರಮ್ಮನಿಗೆ ಏನೋ ಹೇಳಬೇಕಾಗಿತ್ತು. ಹೇಳಿ ಅಭ್ಯಾಸವಿರಲಿಲ್ಲ, ಕೇಳಿ ಕೂಡ. ಕೊನೆಗೆ, “ಹೂಂ, ಹಾಗೇ ನಿಂತ್ರೆ ಆಗುತ್ತಾ? ಯಾರಾದ್ರೂ ಆ ಮೆಷಿನ್ನಿಗೆ ಏನಾಗಿದೆ ನೋಡ್ರೋ” ಎಂದು ಗದರಿದರು.

ಆಗ ಗುಂಪಿನ ಹಿಂದಿನಿಂದ ವೈಂಡಿಂಗ್ ಅಕ್ಕ ಮುಂದೆ ಬಂದಳು. ಬೀದಿಯ ಮೂಲೆಯಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಅವಳದು. ದಿನವಿಡೀ ಮೋಟರುಗಳ ಜೊತೆ ಇದ್ದೂ ಇದ್ದೂ ಅವಳಿಗೆ ಮಾತು ಕಡಿಮೆಯಾಗಿತ್ತು. ಎರಡು ದಿನದಿಂದ ಅವಳ ಅಂಗಡಿಯ ಮುಂದೆಯೇ ಓಡಾಡುತ್ತ, ಸಲೂನಿನವನ ಮಾತನ್ನೂ ಮೇಷ್ಟ್ರ ಮಾತನ್ನೂ ಕೇಳಿದ ನೀಟಪ್ಪ, ಅವಳನ್ನು ಕೇಳಿರಲಿಲ್ಲ. ಕರೆಯದೆ ಹೋಗುವ ಸ್ವಭಾವ ಅವಳದಲ್ಲ. ಅವಳು ಕೆಳಗೆ ಕೂತು ಮೆಷಿನ್ನನ್ನು ತೊಡೆಯ ಮೇಲಿಟ್ಟುಕೊಂಡಳು.

“ಇದೇನು?”

“ಅಂಗಿ” ಎಂದ ನೀಟಪ್ಪ.

“ಬಿಚ್ಚಿ.”

“ಧೂಳು ಹೋಗಬಾರದು ಅಂತ...”

“ಈ ಸೀಳುಗಳು ಅದರ ಮೂಗು. ನಿಮಗೆ ಮೂಗಿನ ಮೇಲೆ ಅಂಗಿ ಹೊಲಿದು ಓಡಿ ಅಂದ್ರೆ ಓಡ್ತೀರಾ?”

ಐದು ಗುಂಡಿಗಳನ್ನು ನೀಟಪ್ಪ ಒಂದೊಂದಾಗಿ ಬಿಚ್ಚಿದ. ಅಕ್ಕ ಮೆಷಿನ್ನಿನ ಪಕ್ಕದ ಎರಡು ಮುಚ್ಚಳ ತಿರುಗಿಸಿ, ಸ್ಪ್ರಿಂಗಿಗೆ ಅಂಟಿಕೊಂಡ ಎರಡು ಸಣ್ಣ ಕಪ್ಪು ತುಂಡುಗಳನ್ನು ಹೊರಗೆಳೆದಳು. ಅವು ಎಣ್ಣೆಯಲ್ಲಿ ಮಿಂದು ತೊಟ್ಟಿಕ್ಕುತ್ತಿದ್ದವು.

“ಇವು ಕಾರ್ಬನ್ನು. ಇವು ಒಣಗಿದ್ದು ಉಜ್ಜಿದ್ರೇನೇ ಒಳಗೆ ಕರೆಂಟು ಹೋಗೋದು. ಎಣ್ಣೆ ಯಾರು ಹಾಕಿದ್ದು?”

“ನಾನೇ. ಧಾರಾಳವಾಗಿ.”

ಅವಳು ಒಳಗೆಲ್ಲ ಒಣಬಟ್ಟೆಯಿಂದ ಒರೆಸಿ, ಜೇಬಿನಿಂದ ಹೊಸ ಕಾರ್ಬನ್ ತುಂಡು ತೆಗೆದು ಕೂರಿಸಿದ ಮೇಲೆ, ವೈರನ್ನು ಕಣ್ಣಲ್ಲೇ ಹಿಂಬಾಲಿಸಿ ಅಂಗಳದ ಥಾನಿನ ಹಲಗೆಯ ತನಕ ಹೋದಳು. ಅದರ ಮೇಲೆ ಕೈಯಿಟ್ಟು ಸರಕ್ಕನೆ ಹಿಂದೆಗೆದಳು.

“ಇದನ್ನ ಸುತ್ತಿದ್ದು?”

ನೀಟಪ್ಪನಿಗೆ ಇಲ್ಲಾದರೂ ಮೆಚ್ಚುಗೆ ಸಿಗುತ್ತದೆಂಬ ಆಸೆ ಇತ್ತು. “ನಾನೇ. ಎಷ್ಟು ನೀಟಾಗಿದೆ ನೋಡಿ.”

“ಮುಟ್ಟಿ ನೋಡಿ.”

ಮುಟ್ಟಿದ. “ಅಯ್ಯಪ್ಪಾ!” ಎಂದು ಬೆರಳು ಬಾಯಿಗಿಟ್ಟುಕೊಂಡ. ಒಳಗಿನ ಪದರಗಳ ಪ್ಲಾಸ್ಟಿಕ್ಕು ಮೆತ್ತಗಾಗಿ ಒಂದಕ್ಕೊಂದು ಅಂಟಿತ್ತು.

“ದೀಪದ ವೈರು, ದಾರದಷ್ಟು ತೆಳ್ಳಗೆ, ನಲವತ್ತು ಮೀಟರು. ಅದೂ ಬಿಗಿದು ಸುತ್ತಿಟ್ಟಿದ್ದೀರಿ, ಬಿಸಿ ಹೊರಗೆ ಹೋಗೋಕೂ ಜಾಗ ಇಲ್ಲ. ನಿಮ್ಮ ವೋಲ್ಟೇಜನ್ನ ಬೀದಿಯವರು ಕುಡೀಲಿಲ್ಲ. ಈ ಹಲಗೆ ಕುಡೀತು. ಇನ್ನರ್ಧ ದಿನ ಓಡಿಸಿದ್ರೆ ಹೊತ್ಕೊಂಡು ಉರೀತಿತ್ತು.”

ಮೇಷ್ಟ್ರು ಕೆಮ್ಮಿ, “ತಾತ್ವಿಕವಾಗಿ ನಾನೂ ಅದನ್ನೇ...” ಎಂದು ಶುರುಮಾಡಿದರು. ಬೀದಿ ಅವರತ್ತ ನೋಡಿತು. ಅವರು ಮೀನು ನೋಡಿ ಬರುವುದಾಗಿ ಹೇಳಿ ಹೋದರು.

ಅಕ್ಕ ಅಂಗಡಿಯಿಂದ ಹೆಬ್ಬೆರಳು ದಪ್ಪದ, ಹತ್ತೇ ಮೀಟರಿನ ವೈರು ತಂದು ನೆಲದ ಮೇಲೆ ಉದ್ದಕ್ಕೆ ಹಾಸಿದಳು. ನೀಟಪ್ಪನ ಕೈ ಅದನ್ನು ಸ್ವಲ್ಪ ಮಡಿಸಲು ಚಾಚಿತು. ಹೆಂಡತಿ ಅವನ ಕೈ ಹಿಡಿದುಕೊಂಡಳು.

ಉಳಿದದ್ದು ಫ್ಯೂಸು. ಲೈನ್‌ಮನ್ ಅದನ್ನು ಜೇಬಿನಲ್ಲಿ ಭದ್ರವಾಗಿ ಹಿಡಿದಿದ್ದ. “ಕಾರಣ ಬರೀದೆ ಹಾಕೋಕಾಗಲ್ಲ. ಇಷ್ಟು ಮನೆ ಒಟ್ಟಿಗೆ ಯಾಕೆ ಆರಿಸಿದ್ರು? ಕಾಲಂ ಇದೆ. ಮಳೆ, ಗಾಳಿ, ಮರ ಬಿದ್ದದ್ದು, ಹಕ್ಕಿ. ಇದರಲ್ಲಿ ಯಾವುದು?”

ಸಿಸ್ಟರಮ್ಮ ಕೈ ಚಾಚಿ ಅವನ ತೋಳು ಹುಡುಕಿ ಹಿಡಿದರು. ಅಂಗಿಯ ತೋಳನ್ನು ಮೇಲೆ ಸರಿಸಿ ಬೆರಳಿಂದ ಒಂದು ಹಳೆಯ ಗುರುತನ್ನು ಸವರಿದರು.

“ನಾಯಿ ಕಚ್ಚಿದ್ದು. ಹದಿನಾಲ್ಕು ಇಂಜೆಕ್ಷನ್. ಪ್ರತಿ ಸಲವೂ ನೀನು ಮಂಚದ ಕೆಳಗೆ ಬಚ್ಚಿಟ್ಕೊಳ್ತಿದ್ದೆ, ನಾನು ಕಾಲು ಹಿಡಿದು ಎಳೀತಿದ್ದೆ. ನೀನೇ ಅಲ್ವಾ?”

ಲೈನ್‌ಮನ್ ತಲೆ ತಗ್ಗಿಸಿದ. ‘ಹಕ್ಕಿ’ ಎಂದು ಬರೆದು ಕಂಬ ಹತ್ತಿದ.

ಆಮೇಲೆ ಮೆಷಿನ್ನು ಓಡಿದ್ದನ್ನು ಓಟ ಎನ್ನಬೇಕು. ಅದು ನೀಟಪ್ಪನನ್ನು ಎಳೆದುಕೊಂಡೇ ಹೋಯಿತು. ಅವನು ಅಭ್ಯಾಸಬಲದಿಂದ ಬಲಗಾಲಿನಲ್ಲಿ ನೆಲವನ್ನು ಹೊಲಿಗೆ ಮೆಷಿನ್ನಿನ ಪೆಡಲಿನಂತೆ ಒತ್ತುತ್ತಾ, “ನಿಧಾನ, ನಿಧಾನ!” ಎಂದು ಕಿರುಚುತ್ತಿದ್ದ. ಬೀದಿಯವರು ಯಾರೂ ಮನೆಗೆ ಹೋಗಲಿಲ್ಲ. ಸಲೂನಿನವನು ಒಂದು ತುದಿಯಲ್ಲಿ ಕೂತು, “ಕಿವಿ ಹತ್ತಿರ ಇನ್ನೊಂಚೂರು” ಎನ್ನುತ್ತಿದ್ದ. ಬೇಕರಿಯವನು ಅರ್ಧ ಉಬ್ಬಿದ ಬ್ರೆಡ್ಡನ್ನು ಹಾಗೇ ಸುಟ್ಟು ಬಿಸ್ಕತ್ತಿನಂತೆ ಮುರಿದು ಎಲ್ಲರಿಗೂ ಹಂಚಿದ. ಅದನ್ನು ತಿಂದವರ ಹಲ್ಲು ಗಟ್ಟಿಯಿತ್ತು. ಹೊತ್ತು ಮುಳುಗುವ ಮುಂಚೆ ಹೆಂಗಸರು ಗಂಡಸರು ಸೇರಿ ಎಲೆಯೆಲ್ಲ ಗುಡಿಸಿದರು. ಕಚ್ಚಿ ಹಾಕಿದ್ದ ಭಾಗಕ್ಕೆ ಸಮ ಮಾಡಲು ನೀಟಪ್ಪ ಎರಡು ಸಲ, ಮೂರು ಸಲ ಹೋದ. ನಾಲ್ಕನೆಯ ಸಲಕ್ಕೆ ಅಕ್ಕ ಪ್ಲಗ್ಗು ಕಿತ್ತುಬಿಟ್ಟಳು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬೀದಿಯಲ್ಲಿ ಎಲ್ಲರಿಗೂ ಏನೋ ಒಂದು ಕೆಲಸ ಸಿಸ್ಟರಮ್ಮನ ಮನೆಯ ಮುಂದೆಯೇ ಬಿದ್ದಿತ್ತು. ಒಬ್ಬ ಚಪ್ಪಲಿಯ ಪಟ್ಟಿ ಕಟ್ಟುತ್ತಿದ್ದ. ಒಬ್ಬಳು ಗುಡಿಸಿದ್ದನ್ನೇ ಗುಡಿಸುತ್ತಿದ್ದಳು. ನೀಟಪ್ಪ ಬೇಲಿಯ ಹೊರಗೆ, ಟೇಪಿನ ಎರಡು ತುದಿಯನ್ನೂ ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. ಅವನು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಅದು ಮುಖ ನೋಡಿದರೇ ತಿಳಿಯುತ್ತಿತ್ತು.

ಸಿಸ್ಟರಮ್ಮ ಜಗುಲಿಗೆ ಬಂದು ಕುರ್ಚಿಯಲ್ಲಿ ಕೂತರು. “ನಲವತ್ತು ವರ್ಷ ಊರಿನವರ ಪಟ್ಟಿ ಬಿಚ್ಚಿದ್ದೀನಿ, ನಂದು ನಾನೇ ಬಿಚ್ಕೋತೀನಿ” ಎಂದು, ಸಹಾಯಕ್ಕೆ ಬಂದ ನೀಟಪ್ಪನ ಹೆಂಡತಿಯ ಕೈಯನ್ನು ಸರಿಸಿದರು. ಆದರೂ ಅವರ ಬೆರಳು ಒಂದೆರಡು ಸಲ ಅಂಟಿನ ಅಂಚು ಸಿಗದೆ ಜಾರಿತು. ಪಟ್ಟಿ ಬಂತು. ಅದರ ಕೆಳಗಿನ ಹತ್ತಿಯೂ ಬಂತು. ಅವರು ಕಣ್ಣು ಮುಚ್ಚಿಕೊಂಡೇ ಕೂತರು. ಗುಡಿಸುತ್ತಿದ್ದವಳ ಪೊರಕೆ ನಿಂತಿತು.

ಕಣ್ಣು ತೆರೆದರು.

ಬೇಲಿಯತ್ತ ನೋಡಿದರು. ಒಂದು ತುದಿಯಿಂದ ಇನ್ನೊಂದು ತುದಿಯ ತನಕ ನಿಧಾನವಾಗಿ ನೋಡಿದರು. ಮುಖದಲ್ಲಿ ಏನೂ ಇಲ್ಲ. ಮತ್ತೆ ಈ ತುದಿಗೆ ಬಂದರು. ಕಾಣಲಿಲ್ಲ, ಅವರಿಗೆ ಏನೂ ಕಾಣಲಿಲ್ಲ ಎಂದುಕೊಂಡ ನೀಟಪ್ಪ. ಬೇಕರಿಯವನು ಮುಖ ಆಚೆ ತಿರುಗಿಸಿದ.

ಸಿಸ್ಟರಮ್ಮ ಹುಬ್ಬು ಗಂಟಿಕ್ಕಿದರು.

“ಏನೋ ಇದು? ಗೇಟಿನ ಹತ್ತಿರ ಸೊಟ್ಟ ಹೋಗಿದೆಯಲ್ಲೋ!”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಸಲೂನಿನವನು ಎಗರಿ ಎಗರಿ ಕೂಗಿದ, “ಕಂಡಿತು! ಸೊಟ್ಟ ಕಂಡಿತು! ಸಿಸ್ಟರಮ್ಮನಿಗೆ ಸೊಟ್ಟ ಕಾಣ್ಸುತ್ತೆ!” ಬೀದಿಯಲ್ಲಿ ಗುಲ್ಲೆದ್ದಿತು. ಬೇಕರಿಯವನು ಹಿಟ್ಟಿನ ಕೈಯಲ್ಲೇ ಲೈನ್‌ಮನ್ನನ್ನು ತಬ್ಬಿಕೊಂಡ. ಅವನು ಯಾವ ಕಂಬ ನೋಡಲು ಬಂದಿದ್ದನೋ ಯಾರೂ ಕೇಳಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು.

ಹೊಲಿಗೆಯಲ್ಲಿ ಒಂದು ದಾರ ಆಚೀಚೆ ಆಗಿದೆ ಎಂದರೆ ಮೂರು ದಿನ ಊಟ ಬಿಡುತ್ತಿದ್ದ ನೀಟಪ್ಪ, ತಾನು ಮಾಡಿದ್ದು ಸೊಟ್ಟಗಿದೆ ಎಂಬ ಮಾತು ಕೇಳಿ, ಬೇಲಿಯ ಮೇಲೆ ತಲೆಯಿಟ್ಟು ಮಗುವಿನಂತೆ ಅತ್ತ.

“ಸರಿ ಮಾಡ್ತೀನಿ ಸಿಸ್ಟರಮ್ಮ. ಈಗಲೇ ಸರಿ ಮಾಡ್ತೀನಿ” ಎಂದು ಮೂಗೊರೆಸಿಕೊಂಡು ಮೆಷಿನ್ನಿನತ್ತ ಹೊರಟ.

“ಮುಟ್ಟಬೇಡ” ಎಂದರು ಸಿಸ್ಟರಮ್ಮ. ಅವರ ದನಿ ಎಂದಿನಂತೆ ಗದರಿಕೆಯದೇ, ಆದರೆ ಮೊದಲೆರಡು ಅಕ್ಷರ ಸರಿಯಾಗಿ ಹೊರಡಲಿಲ್ಲ. “ಹಾಗೇ ಇರಲಿ ಬಿಡು. ದಿನಾ ಬೆಳಿಗ್ಗೆ ಎದ್ದು ಇದನ್ನ ನೋಡ್ತೀನಿ. ಸೊಟ್ಟ ಕಾಣೋ ತನಕ ಕಣ್ಣು ಚೆನ್ನಾಗಿದೆ ಅಂತ ತಿಳ್ಕೋತೀನಿ.”